ಶಿಶುವಿನ ಒಳಕಿವಿಯ ದೋಷಕ್ಕೆ ಟಾಕ್ಸೊಪ್ಲಾಸ್ಮಾ ಕಾರಣವೇ? ನಾನು ಹುಡುಕಿದ ಬಗೆ

ಹುಟ್ಟಿನಿಂದಲೇ ಕಿವಿ ಕೇಳಿಸದ ಶಿಶುವಿನಲ್ಲಿ ಸೋಂಕಿನ ಕಾರಣ ಹುಡುಕುವಾಗ ನಾನು ಮೊದಲು ಪರಿಶೀಲಿಸುವುದು ಸೈಟೊಮೆಗಲೊ ವೈರಸ್ಸನ್ನು. ಹೆಚ್ಚಾಗಿ ಕಾಣಿಸುವುದು ಅದೇ. ಆದರೂ ಟಾಕ್ಸೊಪ್ಲಾಸ್ಮಾ ಗೊಂಡಿ ಎಂಬ ಏಕಕೋಶ ಪರಾವಲಂಬಿಯನ್ನು ನಾನು ಕೈಬಿಡುವುದಿಲ್ಲ. ಗರ್ಭಿಣಿಗೆ ಮೊದಲ ಬಾರಿ ತಗುಲಿದಾಗ ಅದು ಮಾಸನ್ನು ದಾಟಿ ಮಗುವಿನ ಮಿದುಳು, ಕಣ್ಣು ಮತ್ತು ಒಳಕಿವಿಯನ್ನು ತಲುಪಬಲ್ಲದು. ಈ ಸೋಂಕಿನಿಂದ ಮೃತಪಟ್ಟ ಶಿಶುಗಳ ಕಿವಿಯ ಎಲುಬನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಶ್ರವಣ ನರ ಹಾದುಹೋಗುವ ನಾಳದಲ್ಲಿಯೂ ಕಾಕ್ಲಿಯಾದ (ಒಳಕಿವಿಯಲ್ಲಿ ಧ್ವನಿ ಗ್ರಹಿಸುವ ಸುರುಳಿಯಾಕಾರದ ಭಾಗ) ಸ್ಟ್ರಯಾ ವ್ಯಾಸ್ಕ್ಯುಲಾರಿಸ್ ಎಂಬ ರಕ್ತನಾಳಭರಿತ ಪದರದಲ್ಲಿಯೂ ಪರಾವಲಂಬಿಗಳು ಸಿಕ್ಕಿವೆ.

ನಾನಿಲ್ಲಿ ಹೇಳುತ್ತಿರುವ ಮಗು ಬಂದದ್ದು ಧ್ವನಿಗೆ ಒಳಕಿವಿ ಮರಳಿಸುವ ಸದ್ದನ್ನು ಅಳೆಯುವ ಒಎಇ ತಪಾಸಣೆಯಲ್ಲಿ ಎರಡೂ ಕಿವಿಗಳಿಗೆ ‘ರೆಫರ್’ (ಮುಂದಿನ ಪರೀಕ್ಷೆ ಬೇಕು) ಎಂದು ಬಂದ ನಂತರ. ನಡುಕಿವಿಯಲ್ಲಿ ದ್ರವವಿದ್ದರೂ ಹಾಗೆ ಬರಬಹುದಾದ್ದರಿಂದ ಎಲುಬಿನ ಮೂಲಕವೂ ಧ್ವನಿ ಕೊಟ್ಟು ಬೆರಾ (ಧ್ವನಿಗೆ ಶ್ರವಣ ನರ ಮತ್ತು ಮಿದುಳುಕಾಂಡ ಸ್ಪಂದಿಸುವುದನ್ನು ಅಳೆಯುವ ಪರೀಕ್ಷೆ) ಮಾಡಿಸಿದೆ. ದೋಷ ಒಳಕಿವಿಯ ಕಡೆಯದೆಂದು ಅದರಿಂದ ಖಚಿತವಾಯಿತು. ತಂದೆತಾಯಿಯರ ಕೈಯಲ್ಲಿದ್ದ ಟಾರ್ಚ್ ವರದಿಯಲ್ಲಿ (ತಾಯಿಯಿಂದ ಮಗುವಿಗೆ ದಾಟುವ ಕೆಲವು ಸೋಂಕುಗಳ ರಕ್ತಪರೀಕ್ಷೆ) ಟಾಕ್ಸೊಪ್ಲಾಸ್ಮಾದ ಐಜಿಜಿ ಪಾಸಿಟಿವ್ ಇತ್ತು, ಕಾರಣ ಸಿಕ್ಕಿಯೇಬಿಟ್ಟಿತೆಂದು ಅವರು ನಂಬಿದ್ದರು. ಆದರೆ ಐಜಿಜಿ ತಾಯಿಯಿಂದ ಮಗುವಿಗೆ ಹರಿದು ಬರುವ ಪ್ರತಿಕಾಯ. ಸೋಂಕಿಲ್ಲದ ಮಗುವಿನ ರಕ್ತದಲ್ಲಿಯೂ ಅದು ತಿಂಗಳುಗಟ್ಟಲೆ ಉಳಿದು, ಸಾಮಾನ್ಯವಾಗಿ ವರ್ಷ ತುಂಬುವುದರೊಳಗೆ ಮಾಯವಾಗುತ್ತದೆ. ಆ ಒಂದು ಸಾಲಿನ ಮೇಲೆ ಚಿಕಿತ್ಸೆ ಆರಂಭಿಸುವುದು ಸರಿಯಲ್ಲ.

ಆದ್ದರಿಂದ ಮಗುವಿನದೇ ರಕ್ತದಲ್ಲಿ, ತಾಯಿಯಿಂದ ಮಾಸು ದಾಟಿ ಬಾರದ ಐಜಿಎಂ ಮತ್ತು ಐಜಿಎ ಪ್ರತಿಕಾಯಗಳನ್ನು ನೋಡಿಸಿದೆ, ಪಾಸಿಟಿವ್ ಬಂದ ಐಜಿಎಂ ಅನ್ನು ಕೆಲವು ದಿನ ಬಿಟ್ಟು ಮತ್ತೆ ಮಾಡಿಸಿದೆ. ನೇತ್ರತಜ್ಞರಿಗೆ ರೆಟಿನಾದ ಮೇಲೆ ಕಲೆ ಕಂಡಿತು, ತಲೆಯ ಸ್ಕ್ಯಾನ್‌ನಲ್ಲಿ ಚದುರಿದ ಸುಣ್ಣದ ಚುಕ್ಕೆಗಳಿದ್ದವು. ಇವೆಲ್ಲ ಒಂದೇ ದಿಕ್ಕನ್ನು ತೋರಿಸಿದ ಮೇಲೆಯೇ ಮಕ್ಕಳ ತಜ್ಞರೊಡನೆ ಸೇರಿ ಪರಾವಲಂಬಿಯನ್ನು ತಡೆಯುವ ಪೈರಿಮೆಥಮೀನ್, ಸಲ್ಫಡಯಜೀನ್ ಮತ್ತು ಅಸ್ಥಿಮಜ್ಜೆಯನ್ನು ಕಾಪಾಡುವ ಫೋಲಿನಿಕ್ ಆಮ್ಲವನ್ನು ಒಂದು ವರ್ಷದ ಅವಧಿಗೆ ನಿಗದಿ ಮಾಡಿದೆವು. ಪೈರಿಮೆಥಮೀನ್ ಅಸ್ಥಿಮಜ್ಜೆಯನ್ನು ಕುಗ್ಗಿಸುವುದರಿಂದ ರಕ್ತಕಣಗಳ ಎಣಿಕೆಯನ್ನು ಮತ್ತೆ ಮತ್ತೆ ನೋಡಬೇಕಾಗುತ್ತದೆ. ಔಷಧದಂಗಡಿಯಲ್ಲಿ ಫೋಲಿನಿಕ್ ಬದಲು ಫೋಲಿಕ್ ಆಮ್ಲದ ಮಾತ್ರೆ ಕೊಟ್ಟರೆ ತೆಗೆದುಕೊಳ್ಳಬೇಡಿ ಎಂದು ಚೀಟಿಯ ಮೇಲೆ ಕನ್ನಡದಲ್ಲಿಯೇ ಬರೆದುಕೊಟ್ಟೆ, ಏಕೆಂದರೆ ಫೋಲಿಕ್ ಆಮ್ಲ ಮಜ್ಜೆಯನ್ನು ಕಾಪಾಡದೆ ಔಷಧದ ಪರಿಣಾಮವನ್ನು ತಗ್ಗಿಸಬಹುದು.

ಆಗಲೇ ಕಳೆದುಹೋದ ಶ್ರವಣ ಮರಳುತ್ತದೆಂದು ನಾನು ಭರವಸೆ ಕೊಡಲಿಲ್ಲ. ಔಷಧದ ಜೊತೆಗೇ ಶ್ರವಣ ಸಾಧನ ಹಾಕಿಸಿ, ದೋಷ ಮುಂದುವರಿಯುತ್ತಿದೆಯೇ ಎಂದು ತಿಳಿಯಲು ಪರೀಕ್ಷೆಗಳನ್ನು ಪುನರಾವರ್ತಿಸಿದೆವು. ಈವರೆಗೆ ಅದು ಹೆಚ್ಚಿಲ್ಲ. ಇದೇ ಸೋಂಕಿರುವ ಮಗುವಿನ ಕಿವಿ ಮೊದಲ ತಪಾಸಣೆಯಲ್ಲಿ ‘ಪಾಸ್’ ಆಗಿದ್ದರೂ ನಾನು ಹೀಗೆಯೇ ಹಿಂಬಾಲಿಸುತ್ತೇನೆ.

  

ಮಗುವಿನ ಅಜ್ಜಿ ಮನೆಯ ಬೆಕ್ಕನ್ನು ಬಿಟ್ಟುಬರಲು ಹೊರಟಿದ್ದರು. ಸೋಂಕು ಅರೆಬೆಂದ ಮಾಂಸದಿಂದಲೂ ತೊಳೆಯದ ಸೊಪ್ಪಿನಿಂದಲೂ ಬರುತ್ತದೆ, ಬೆಕ್ಕು ಪರಾವಲಂಬಿಯನ್ನು ಮಲದಲ್ಲಿ ಹೊರಹಾಕುವುದು ಸಾಮಾನ್ಯವಾಗಿ ಮೊದಲ ಸೋಂಕಿನ ಕೆಲವೇ ವಾರ ಎಂದು ವಿವರಿಸಿದೆ. ತಾಯಿ ಮಾತ್ರ ಬೇರೆಯದನ್ನೇ ಕೇಳಿದರು: “ಮುಂದಿನ ಮಗುವಿಗೂ ಹೀಗೇ ಆಗುತ್ತದೆಯೇ ಡಾಕ್ಟರೇ?” ರೋಗನಿರೋಧಕ ಶಕ್ತಿ ಚೆನ್ನಾಗಿರುವವರಲ್ಲಿ ಹಳೆಯ ಸೋಂಕು ಮುಂದಿನ ಬಸಿರಿಗೆ ದಾಟುವುದು ತೀರಾ ಅಪರೂಪವೆಂದು ಹೇಳಿ, ಸ್ತ್ರೀರೋಗ ತಜ್ಞರಿಗೆ ತೋರಿಸಲು ಈ ವರದಿಗಳನ್ನು ಜೋಪಾನವಾಗಿಟ್ಟುಕೊಳ್ಳಲು ತಿಳಿಸಿದೆ.