ಗೋಡೆ ಮುಚ್ಚುವ ಮುಂಚೆ ನೋಡಿ: ಕಟ್ಟಡಗಳಿಗೆ ಬಿಗಿಯಾದ ಇಂಧನ ನಿಯಮ ತರುವುದು ಹೇಗೆ?

ನಗರಸಭೆಯೊಂದು ಕಟ್ಟಡಗಳ ಇಂಧನ ನಿಯಮ (ಒಳಗೆ ತಂಪು, ಬಿಸಿ ಇಡಲು ಕಡಿಮೆ ಇಂಧನ ಸಾಕಾಗುವಂತೆ ಕಟ್ಟಬೇಕೆನ್ನುವ ನಿಯಮ) ಬಿಗಿ ಮಾಡಿತು ಅಂದರೆ ಸಾಮಾನ್ಯವಾಗಿ ಆಗುವುದಿಷ್ಟು. ಠರಾವು ಪಾಸಾಗುತ್ತದೆ. ಪುಸ್ತಕ ಅಚ್ಚಾಗುತ್ತದೆ. ಪುಸ್ತಕ ಬೀರು ಸೇರುತ್ತದೆ. ಆಮೇಲೆ ಎದ್ದ ಹೊಸ ಕಟ್ಟಡದಲ್ಲೂ ಮಧ್ಯಾಹ್ನ ಎಸಿ ನಿಲ್ಲಿಸಿದರೆ ಕೂರಲಾಗುವುದಿಲ್ಲ. ನಿಯಮದಲ್ಲಿ ತಪ್ಪಿರುವುದಿಲ್ಲ, ಸೈಟಿಗೆ ಹೋಗಿ ನೋಡಿದವರೇ ಇರುವುದಿಲ್ಲ. ಆದ್ದರಿಂದ ಸದಸ್ಯರಾಗಲಿ, ಎಂಜಿನಿಯರಾಗಲಿ, ನಿಯಮ ಬೇಕೆಂದು ಅರ್ಜಿ ಹಿಡಿದು ಓಡಾಡುವವರಾಗಲಿ, ಕೆಳಗಿನ ನಾಲ್ಕನೇ ಹಂತವನ್ನು ಮಾತ್ರ ಹಾರಿಸಬೇಡಿ.

ಹಂತ 1: ನಿಮ್ಮ ಕೈಯಲ್ಲಿ ಎಷ್ಟು ಅಧಿಕಾರವಿದೆ ನೋಡಿಕೊಳ್ಳಿ

ಮೇಲಿನ ಸರ್ಕಾರದ ಕಾನೂನು ಎಲ್ಲಿ ಮುಗಿಯುತ್ತದೆ, ನಿಮ್ಮದು ಎಲ್ಲಿ ಶುರುವಾಗುತ್ತದೆ ಎಂಬುದನ್ನು ವಕೀಲರಿಂದ ಬರಹದಲ್ಲೇ ತೆಗೆದುಕೊಳ್ಳಿ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಬರ್ಕ್ಲಿ ನಗರ 2019ರಲ್ಲಿ ಹೊಸ ಕಟ್ಟಡಗಳಿಗೆ ಗ್ಯಾಸ್ ಪೈಪ್ ಬೇಡ ಎಂದಿತು. ಉಪಕರಣಗಳ ಇಂಧನ ಬಳಕೆಯ ವಿಷಯ 1975ರ ಕೇಂದ್ರ ಕಾಯ್ದೆಗೆ ಸೇರಿದ್ದು ಎಂದು 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಅದೇ ರಾಜ್ಯದಲ್ಲಿ, 2025ರಿಂದ ಬಹುಮಟ್ಟಿಗೆ ತಡೆ ಬಿದ್ದಿರುವ ಮನೆಗಳನ್ನು ಬಿಟ್ಟರೆ, ರಾಜ್ಯದ ನಿಯಮಕ್ಕಿಂತ ಬಿಗಿಯಾದ ಸ್ಥಳೀಯ ನಿಯಮಕ್ಕೆ ಅವಕಾಶವಿದೆ. ಆದರೆ ಹಾಕಿದ ದುಡ್ಡು ಉಳಿತಾಯದಲ್ಲಿ ವಾಪಸ್ ಬರುತ್ತದೆ ಎಂದು ಲೆಕ್ಕ ತೋರಿಸಬೇಕು. ನನ್ನ ಸಲಹೆ: ಮೊದಲ ನಿಯಮದಲ್ಲಿ ಒಲೆ, ಗೀಸರ್, ಎಸಿ ಯಾವುದನ್ನೂ ಮುಟ್ಟಬೇಡಿ. ಗೋಡೆ, ಚಾವಣಿ, ಕಿಟಕಿಗೆ ಕೈ ಹಾಕಿ. ಎಸಿ ಹತ್ತು ಹದಿನೈದು ವರ್ಷಕ್ಕೆ ಬದಲಾಗುತ್ತದೆ, ಗೋಡೆ ಬದಲಾಗುವುದಿಲ್ಲ.

ಹಂತ 2: ಹೊಸದಾಗಿ ಬರೆಯಲು ಹೋಗಬೇಡಿ

ಸಿದ್ಧ ನಿಯಮಗಳಿವೆ. ಭಾರತದಲ್ಲಿ ದೊಡ್ಡ ವಾಣಿಜ್ಯ ಕಟ್ಟಡಗಳಿಗೆಂದು 2007ರಲ್ಲಿ ಬಂದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯನ್ನು 2017ರಲ್ಲಿ ಪರಿಷ್ಕರಿಸಿದಾಗ ಕನಿಷ್ಠ ಮಟ್ಟದ ಮೇಲೆ ಇನ್ನೂ ಎರಡು ಮಟ್ಟ ಇಟ್ಟರು. ಮೇಲಿನ ಮಟ್ಟ ಬೇಕಾದ ಊರು ಅದನ್ನೇ ಎತ್ತಿಕೊಳ್ಳಬಹುದು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2017ರಲ್ಲಿ ಮಾಡಿದ ಮೆಟ್ಟಿಲು ನಿಯಮ ನನಗೆ ಎಲ್ಲಕ್ಕಿಂತ ಇಷ್ಟ. ಮನೆಗಳಿಗೆ ಐದು ಮೆಟ್ಟಿಲು, ಯಾವ ಮೆಟ್ಟಿಲು ಕಡ್ಡಾಯ ಅನ್ನುವುದನ್ನು ಆಗ ಊರಿಗೆ ಬಿಟ್ಟಿದ್ದರು. ಮೊದಲ ಮೆಟ್ಟಿಲಲ್ಲಿ ಹೊಸದಾಗಿ ಏನನ್ನೂ ಬಿಗಿ ಮಾಡಲಿಲ್ಲ. ಇದ್ದ ನಿಯಮವನ್ನೇ ಪಾಲಿಸಿದ್ದೀರಾ, ಅಳೆದು ತೋರಿಸಿ ಎಂದರು ಅಷ್ಟೆ. ಕಟ್ಟುವವರಿಗೆ ಅಳತೆ ಅಭ್ಯಾಸವಾದ ಮೇಲೆ ಅಂಕಿ ಬಿಗಿ ಮಾಡುವುದು ಸುಲಭ.

ಹಂತ 3: ಹವೆಗೆ ತಕ್ಕ ಅಂಕಿ ಇಡಿ

ಚಳಿ ಊರಿಗೆ ದಪ್ಪ ಇನ್ಸುಲೇಷನ್ (ಗೋಡೆ, ಚಾವಣಿಯಲ್ಲಿ ಶಾಖ ತಡೆಯುವ ಪದರ), ಸೆಖೆ ಊರಿಗೆ ಕಿಟಕಿಯ ನೆರಳು ಮತ್ತು ಬಿಳಿ ಚಾವಣಿ ಮೊದಲು. ಭಾರತದಲ್ಲಿ ಮನೆಗಳಿಗೆಂದು ಇರುವ ಇಂಧನ ಸಂಹಿತೆಯಲ್ಲಿ ಚಳಿ ಪ್ರದೇಶ ಬಿಟ್ಟು ಉಳಿದೆಡೆ ಒಂದೇ ಮುಖ್ಯ ಅಂಕಿ: ಗೋಡೆ, ಕಿಟಕಿಗಳಿಂದ ಒಳಬರುವ ಶಾಖ ಸರಾಸರಿ ಚದರ ಮೀಟರಿಗೆ 15 ವ್ಯಾಟ್ ದಾಟಬಾರದು. ಇಂಥ ಒಂದು ಅಂಕಿ ಸಾಕು, ನೂರು ಷರತ್ತು ಬೇಡ.

ಹಂತ 4: ಯಾರು, ಯಾವಾಗ, ಏನು ನೋಡಬೇಕು ಎಂದು ನಿಯಮದಲ್ಲೇ ಬರೆಯಿರಿ

ಎಲ್ಲರೂ ಎಡವುವುದು ಇಲ್ಲೇ. ಪ್ಲಾನ್ ಮಂಜೂರು ಮಾಡುವಾಗ ಕಾಗದ ನೋಡುತ್ತಾರೆ, ಕೊನೆಗೆ ಬಣ್ಣ ಬಳಿದ ಕಟ್ಟಡ ನೋಡುತ್ತಾರೆ. ಇನ್ಸುಲೇಷನ್ ಕಣ್ಣಿಗೆ ಬೀಳುವುದು ಇವೆರಡರ ನಡುವಿನ ಕೆಲವೇ ದಿನ. ಒಮ್ಮೆ ಗಾರೆ ಹಚ್ಚಿದರೆ ಒಳಗೆ ಏನಿದೆ ಅಂತ ಮೇಸ್ತ್ರಿಗೇ ಗೊತ್ತು.

ಹಾಗಾಗಿ ಈ ಸಾಲು ನಿಯಮದಲ್ಲಿ ಇರಲೇಬೇಕು: ಇನ್ಸುಲೇಷನ್ ತಪಾಸಣೆಯ ಸಹಿ ಇಲ್ಲದೆ ಗೋಡೆಯನ್ನಾಗಲಿ ಚಾವಣಿಯನ್ನಾಗಲಿ ಮುಚ್ಚುವಂತಿಲ್ಲ. ಜೊತೆಗೇ ಇನ್‌ಸ್ಪೆಕ್ಟರ್‌ಗೂ ಗಡುವು ಹಾಕಿ. ಕರೆದ ಎರಡು ಕೆಲಸದ ದಿನದೊಳಗೆ ಬರದಿದ್ದರೆ ಗುತ್ತಿಗೆದಾರ ಫೋಟೊ ತೆಗೆದು ಮುಂದುವರಿಯಬಹುದು ಎಂದಿರಲಿ. ಈ ಗಡುವು ಇಲ್ಲದಿದ್ದರೆ ಸಹಿಗೊಂದು ರೇಟು ಫಿಕ್ಸ್ ಆಗುತ್ತದೆ. ಹೇಗೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಸೈಟಿಗೆ ಹೋದವರು ನೋಡಬೇಕಾದ್ದು ಇಷ್ಟು. ಮೊದಲು ಇನ್ಸುಲೇಷನ್ ದಪ್ಪ. ತೆಳ್ಳನೆಯ ಸೂಜಿ ಚುಚ್ಚಿ ಐದಾರು ಕಡೆ ಅಳೆಯಿರಿ, ಬಾಗಿಲ ಪಕ್ಕದಲ್ಲಿ ಮಾತ್ರವಲ್ಲ, ಮೂಲೆಯಲ್ಲೂ. ಗಾಜಿನ ಇಲ್ಲವೇ ಕಲ್ಲಿನ ಎಳೆಯಿಂದ ಮಾಡಿದ ಹತ್ತಿಯಂಥ ಹಾಸನ್ನು ಕಿರಿದಾದ ಸಂದಿಗೆ ಒತ್ತಿ ತುರುಕಿರುತ್ತಾರೆ. ದಪ್ಪ ಕುಗ್ಗಿದರೆ ಶಾಖ ತಡೆಯುವುದೂ ಕುಗ್ಗುತ್ತದೆ. ಒದ್ದೆಯಾಗಿದ್ದರೆ ತೆಗೆಸಿಬಿಡಿ, ಒಣಗುತ್ತೆ ಅನ್ನುವ ಮಾತು ಕೇಳಬೇಡಿ. ಆಮೇಲೆ ಜೋಡಣೆ. ಎರಡು ಇನ್ಸುಲೇಷನ್ ಹಲಗೆಯ ನಡುವೆ ಬೆರಳು ತೂರುವಷ್ಟು ಸಂದಿ ಇದೆಯಾ? ಸ್ವಿಚ್ ಬಾಕ್ಸಿನ ಹಿಂದೆ, ಪೈಪ್ ಹಾಯ್ದ ಕಡೆ ಬರೀ ತೂತು ಉಳಿದಿದೆಯಾ? ಚಾವಣಿಯ ಹಾಸು ಪ್ಯಾರಪೆಟ್ ಗೋಡೆಯ ಬುಡಕ್ಕೇ ನಿಂತುಹೋಗಿದೆಯಾ? ಬಾಲ್ಕನಿ ಸ್ಲ್ಯಾಬ್ ಒಳಗಿನ ಸ್ಲ್ಯಾಬಿನಿಂದ ನೇರವಾಗಿ ಹೊರಗೆ ಚಾಚಿದ್ದರೆ ಶಾಖಕ್ಕೆ ಅದೇ ಹೆದ್ದಾರಿ. ಅದನ್ನು ಸೈಟಿನಲ್ಲಿ ಸರಿಪಡಿಸಲಾಗದು, ನಕ್ಷೆಯಲ್ಲೇ ಹಿಡಿಯಬೇಕು.

ಕಿಟಕಿಯ ವಿಷಯದಲ್ಲಿ ಒಂದೇ ಮಾತು: ಗಾಜಿನ ಮೇಲಿನ ಸ್ಟಿಕ್ಕರ್ ಕೀಳುವ ಮುಂಚೆ ಫೋಟೊ ತೆಗೆಯಿರಿ. ಎಷ್ಟು ಶಾಖ ಹಾಯುತ್ತದೆ, ಎಷ್ಟು ಬಿಸಿಲು ಒಳಬಿಡುತ್ತದೆ ಎಂಬ ಎರಡೂ ಅಂಕಿ ಅದರಲ್ಲೇ ಇರುತ್ತವೆ. ಚೌಕಟ್ಟು ಮತ್ತು ಗೋಡೆಯ ನಡುವೆ ಬರೀ ಗಾರೆ ಮೆತ್ತಿದ್ದರೆ ಬೇಸಿಗೆಗೊಮ್ಮೆ ಬಿರುಕು ಗ್ಯಾರಂಟಿ. ಫೋಮ್ ತುಂಬಿ ಮೇಲೆ ಸೀಲಂಟ್ ಎಳೆದಿರಬೇಕು. ಕೊನೆಗೆ ಡೆಲಿವರಿ ಚಲನ್ ಕೇಳಿ. ಚಾವಣಿಯ ವಿಸ್ತೀರ್ಣವನ್ನು ದಪ್ಪದಿಂದ ಗುಣಿಸಿ, ಬಂದ ಮಾಲಿನ ಜೊತೆ ತಾಳೆ ನೋಡಿ. ಐದು ನಿಮಿಷದ ಕೆಲಸ, ಹೆಚ್ಚಿನ ಮೋಸ ಇಲ್ಲೇ ಸಿಕ್ಕಿಬೀಳುತ್ತದೆ.

ಮಾರುಕಟ್ಟೆಯ ಎರಡು ಸರಕಿನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಮಿನುಗುವ ಫಾಯಿಲ್ ಹಾಳೆ ಕೆಲಸ ಮಾಡುವುದು ಅದರ ಮುಂದೆ ಖಾಲಿ ಗಾಳಿ ಸಂದಿ ಇದ್ದಾಗ ಮಾತ್ರ. ಗಾರೆಗೆ ಅಂಟಿಸಿ ಮುಚ್ಚಿದರೆ ಸುಮ್ನೆ ದಂಡ. ಒಳಗೋಡೆಗೆ ಬಳಿಯುವ 'ಶಾಖ ತಡೆಯುವ ಪೇಂಟ್' ಅನ್ನು ಇನ್ಸುಲೇಷನ್ ಲೆಕ್ಕಕ್ಕೆ ಸೇರಿಸಲೇಬೇಡಿ. ಕಾಗದದಷ್ಟು ತೆಳುವಿನ ಪದರ ಎಷ್ಟು ತಡೆದೀತು? ಚಾವಣಿಯ ಮೇಲಿನ ಬಿಳಿ ಬಣ್ಣದ ಮಾತು ಬೇರೆ, ಅದು ಬಿಸಿಲನ್ನು ವಾಪಸ್ ಕಳಿಸುತ್ತದೆ. ಆದರೆ ಧೂಳು ಕೂತಂತೆ ಅದರ ಗುಣ ಇಳಿಯುವುದರಿಂದ ಹೊಸ ಬಣ್ಣದ ಅಂಕಿ ಒಪ್ಪಬೇಡಿ, ಕೆಲವು ವರ್ಷ ಬಿಸಿಲುಂಡ ನಂತರದ ಅಂಕಿ ಕೇಳಿ.

ಗಾಳಿ ಸೋರಿಕೆಗೆ ಬ್ಲೋವರ್ ಡೋರ್ ಪರೀಕ್ಷೆಯೇ ಆಗಬೇಕು. ಮುಂಬಾಗಿಲಿಗೆ ಫ್ಯಾನ್ ಕಟ್ಟಿ, ಒಳಗೂ ಹೊರಗೂ 50 ಪ್ಯಾಸ್ಕಲ್ ಒತ್ತಡದ ವ್ಯತ್ಯಾಸ ಬರುವ ತನಕ ಗಾಳಿ ಹೊರಗೆಳೆಯುತ್ತಾರೆ. ಗಂಟೆಗೆ ಎಷ್ಟು ಸಲ ಒಳಗಿನ ಗಾಳಿ ಪೂರ್ತಿ ಬದಲಾಯಿತು ಎಂದು ಅಳೆಯುತ್ತಾರೆ. ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾದರಿ ನಿಯಮದ 2012ರ ಆವೃತ್ತಿ ಮನೆಗಳಿಗೆ ಇದನ್ನು ಕಡ್ಡಾಯ ಮಾಡಿತು: ತೀರ ಸೆಖೆಯ ವಲಯಗಳಲ್ಲಿ 5 ಸಲ, ಉಳಿದೆಡೆ 3 ಸಲ ಮೀರಬಾರದು. ಕೊನೆಯಲ್ಲಿ ಒಂದೇ ಸಲ ಮಾಡಿಸಬೇಡಿ. ಒಳಗಿನ ಫಿನಿಶಿಂಗ್ ಶುರುವಾಗುವ ಮುಂಚೆ ಒಮ್ಮೆ ಮಾಡಿಸಿದರೆ ಊದುಬತ್ತಿ ಹೊಗೆ ಹಿಡಿದೇ ಸಂದಿ ಹುಡುಕಿ ಮುಚ್ಚಬಹುದು. ಟೈಲ್ಸ್ ಹಾಕಿದ ಮೇಲೆ ಸೋರಿಕೆ ಸಿಕ್ಕರೂ ಯಾರೂ ಒಡೆಯಲು ಒಪ್ಪುವುದಿಲ್ಲ, ರಾಜಿ ಆಗುತ್ತದೆ.

ಪರೀಕ್ಷೆ ಮಾಡುವವರ ಫೀಸನ್ನು ಬಿಲ್ಡರ್ ನೇರವಾಗಿ ಕೊಡಬಾರದು. ನಗರಸಭೆಗೆ ಕಟ್ಟಲಿ, ನಗರಸಭೆ ಪಟ್ಟಿಯಿಂದ ಸರದಿ ಪ್ರಕಾರ ಕಳಿಸಲಿ.

ಹಂತ 5: ಅದಲುಬದಲಿಗೆ ಮಿತಿ ಹಾಕಿ

'ಗೋಡೆಯಲ್ಲಿ ಸ್ವಲ್ಪ ಕಡಿಮೆ, ಅದಕ್ಕೆ ಬದಲು ಮೇಲೆ ಸೋಲಾರ್ ಹಾಕ್ತೀವಿ' ಅನ್ನುವ ಅರ್ಜಿ ಬಂದೇ ಬರುತ್ತದೆ. ಕಂಪ್ಯೂಟರ್ ಲೆಕ್ಕದಲ್ಲಿ ಅದು ಸರಿಹೋಗುತ್ತದೆ ಕೂಡ. ಸೋರುವ ಕೊಡಕ್ಕೆ ಇನ್ನೊಂದು ನಲ್ಲಿ ಬಿಟ್ಟಂತೆ ಅದು. ಗೋಡೆ, ಚಾವಣಿ, ಕಿಟಕಿಗೆ ಕನಿಷ್ಠ ಮಟ್ಟ ಇಡಿ, ಯಾವ ಲೆಕ್ಕ ತೋರಿಸಿದರೂ ಅದರ ಕೆಳಗೆ ಇಳಿಯಲು ಬಿಡಬೇಡಿ.

ಹಂತ 6: ತಾರೀಖು

ಜಾರಿಗೆ ಆರು ತಿಂಗಳು ಕೊಡಿ, ಅಷ್ಟರಲ್ಲಿ ಮೇಸ್ತ್ರಿಗಳಿಗೆ ಸೈಟಿನಲ್ಲೇ ತರಬೇತಿ ಮಾಡಿ. ಸಭಾಂಗಣದ ಸ್ಲೈಡ್ ಶೋ ಬೇಡ.

ಕ್ಯಾಲಿಫೋರ್ನಿಯಾ 1978ರಿಂದ ಇರುವ ತನ್ನ ನಿಯಮವನ್ನು ಸುಮಾರು ಮೂರು ವರ್ಷಕ್ಕೊಮ್ಮೆ ತಿದ್ದುತ್ತ ಬಂದಿದೆ. ನೀವೂ ಪರಿಷ್ಕರಣೆಯ ವರ್ಷವನ್ನು ಮೊದಲ ಠರಾವಿನಲ್ಲೇ ನಮೂದಿಸಿ. ಅಲ್ಲಿಯವರೆಗೆ ಪ್ರತಿ ಪರೀಕ್ಷೆಯ ಅಂಕಿಯನ್ನೂ, ಫೇಲಾದದ್ದನ್ನೂ ಸೇರಿಸಿ, ಒಂದೇ ರಿಜಿಸ್ಟರ್‌ನಲ್ಲಿ ಬರೆದಿಡಿ. ಮುಂದಿನ ಸಲ ಅಂಕಿ ಎಷ್ಟು ಬಿಗಿ ಮಾಡಬಹುದು ಎಂದು ಹೊರಗಿನ ಸಲಹೆಗಾರರನ್ನು ಕೇಳುವ ಮೊದಲು ಅದನ್ನು ತೆರೆದು ನೋಡಿ.