ಬೇರಿನ ಗಂಟು ಕೆಲಸ ಮಾಡುತ್ತಿದೆಯೇ? ಕೊಯ್ದು ನೋಡುವ ಬಗೆ

ಅಲಸಂದೆ, ಹೆಸರು, ತೊಗರಿ, ಕಡಲೆಕಾಯಿ ಮುಂತಾದ ದ್ವಿದಳ ಬೆಳೆಗಳ ಬೇರಿನಲ್ಲಿ ಗಂಟು ಕಂಡರೆ ಸಾಕು, ಅದರೊಳಗೆ ನೆಲೆಸುವ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾದ ಮೂಲಕ ಗಾಳಿಯ ಸಾರಜನಕ ಗಿಡಕ್ಕೆ ದೊರೆಯುತ್ತಿದೆ ಎಂದು ನಂಬುವವರು ಬಹಳ. ಆದರೆ ಗಂಟು ಇರುವುದು ಬೇರೆ, ಅದು ಕೆಲಸ ಮಾಡುವುದು ಬೇರೆ. ಅದನ್ನು ತಿಳಿಯಲು ಒಂದು ಸಲಿಕೆ, ಒಂದು ಬಕೆಟ್ ನೀರು ಮತ್ತು ಹೊಸ ಬ್ಲೇಡು ಇದ್ದರೆ ಆಯಿತು.

ಮೊದಲಿಗೆ ಹೊತ್ತು ನೋಡಿಕೊಳ್ಳಬೇಕು. ಗಿಡ ಹೂ ಬಿಡಲು ತೊಡಗಿದಾಗ ಗಂಟುಗಳು ಚೆನ್ನಾಗಿ ಬಲಿತಿರುತ್ತವೆ. ಕಾಯಿ ತುಂಬುವ ಕಾಲಕ್ಕೆ ಗಿಡದ ಆಹಾರ ಕಾಳಿನ ಕಡೆಗೆ ಹರಿಯುವುದರಿಂದ ಅವು ಸೊರಗುತ್ತವೆ.

ಗಿಡವನ್ನು ಹಿಡಿದು ಕೀಳಬಾರದು. ಹಾಗೆ ಕಿತ್ತರೆ ಗಂಟುಗಳೆಲ್ಲ ಮಣ್ಣಿನಲ್ಲೇ ಉಳಿದು, ಬರಿಯ ಬೇರು ಕೈಗೆ ಬರುತ್ತದೆ; ನಾನೇ ಒಮ್ಮೆ ಹೀಗೆ ಕಿತ್ತು, ಗಂಟೇ ಇಲ್ಲವೆಂದು ತೀರ್ಮಾನಿಸಿದ್ದುಂಟು. ಗಿಡದ ಸುತ್ತ ಒಂದು ಗೇಣು ಬಿಟ್ಟು ಅಗೆದು, ಮಣ್ಣಿನ ಹೆಂಟೆಯನ್ನು ಹಾಗೆಯೇ ಬಕೆಟ್‌ನಲ್ಲಿ ನೆನೆಸಿ, ಮೆಲ್ಲಗೆ ಅಲುಗಿಸಿ ತೊಳೆಯಬೇಕು. ಕಡಲೆಕಾಯಿಯಾದರೆ ಕವಲುಬೇರು ಹೊರಡುವ ಬುಡದಲ್ಲಿ ಹುಡುಕಿ: ಅದರಲ್ಲಿ ಬ್ಯಾಕ್ಟೀರಿಯಾ ಒಳನುಗ್ಗುವುದು ಬೇರುರೋಮದ ಮೂಲಕವಲ್ಲ, ಆ ಬುಡದ ಬಿರುಕಿನ ಮೂಲಕ.

ಮಣ್ಣಿನಲ್ಲಿದ್ದು ಬೇರಿಗೆ ತಗಲುವ ಸಣ್ಣ ಜಂತುಹುಳುವಿನ (ನೆಮಟೋಡ್) ಬಾಧೆಯಿಂದಲೂ ಬೇರಿನಲ್ಲಿ ಗಂಟು ಏಳುವುದರಿಂದ ಇಲ್ಲಿ ಎಚ್ಚರ ಬೇಕು. ಒಳ್ಳೆಯ ಗಂಟು ಬೇರಿನ ಪಕ್ಕಕ್ಕೆ ಅಂಟಿದ ಮಣಿಯಂತಿದ್ದು ಉಗುರು ತಾಗಿಸಿದರೆ ಕಳಚಿಕೊಳ್ಳುತ್ತದೆ. ಜಂತುಹುಳುವಿನದಾದರೆ ಬೇರೇ ಊದಿಕೊಂಡಿರುತ್ತದೆ, ಕಳಚುವುದಿಲ್ಲ.

ಇನ್ನು ದಪ್ಪನೆಯ ನಾಲ್ಕಾರು ಗಂಟುಗಳನ್ನು ಬ್ಲೇಡಿನಿಂದ ಎರಡಾಗಿ ಸೀಳಿ, ಕೂಡಲೇ ಬಣ್ಣ ನೋಡಿ. ಒಳಗೆ ನಸುಗೆಂಪು ಇದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ಸಾರಜನಕವನ್ನು ಅಮೋನಿಯವಾಗಿ ಮಾರ್ಪಡಿಸುವ ನೈಟ್ರೋಜಿನೇಸ್ ಎಂಬ ಕಿಣ್ವ ಆಮ್ಲಜನಕ ತಗುಲಿದರೆ ಕೆಡುತ್ತದೆ. ಆದರೆ ಒಂದು ಸಾರಜನಕದ ಅಣುವನ್ನು ಒಡೆಯಲು ಕನಿಷ್ಠ 16 ಎಟಿಪಿ (ಜೀವಕೋಶ ಶಕ್ತಿಗಾಗಿ ಬಳಸುವ ಅಣು) ಅಣುಗಳಷ್ಟು ಶಕ್ತಿ ಬೇಕಾಗಿದ್ದು, ಅದನ್ನು ಹುಟ್ಟಿಸಲು ಬ್ಯಾಕ್ಟೀರಿಯಾ ಉಸಿರಾಡಲೇಬೇಕು. ಈ ಇಕ್ಕಟ್ಟನ್ನು ಬಿಡಿಸುವುದು ಗಿಡ. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ದಾಯಾದಿಯಾದ ಲೆಗ್‌ಹಿಮೋಗ್ಲೋಬಿನ್ನನ್ನು ತಯಾರಿಸಿ, ಆಮ್ಲಜನಕವನ್ನು ಬಿಡಿಯಾಗಿ ಸುಳಿಯಗೊಡದೆ ಅಳೆದಳೆದು ಒದಗಿಸುತ್ತದೆ. ನಿಮಗೆ ಕಾಣುವ ಕೆಂಪು ಅದರದೇ. ಇದರ ಜೊತೆಗೆ ಎಲೆಯಲ್ಲಿ ತಯಾರಾದ ಸಕ್ಕರೆಯಿಂದ ಬಂದ ಮ್ಯಾಲೇಟ್ ಎಂಬ ಆಹಾರವನ್ನೂ ಗಿಡ ಬ್ಯಾಕ್ಟೀರಿಯಾಕ್ಕೆ ಉಣಿಸುತ್ತದೆ. ಪ್ರತಿಯಾಗಿ ಅಮೋನಿಯ ಪಡೆಯುತ್ತದೆ. ಒಳಗೆ ಬಿಳಿಯಾಗಿದ್ದರೆ ಗಂಟು ಇನ್ನೂ ಎಳೆಯದು, ಇಲ್ಲವೇ ಒಳಗಿರುವ ಬ್ಯಾಕ್ಟೀರಿಯಾ ತಿಂದು ಕೂತಿರುವ ನೆಂಟ. ಹಸಿರು ಅಥವಾ ಕಂದು ಬಣ್ಣವಿದ್ದರೆ ಅದರ ಕಾಲ ಮುಗಿಯಿತು.

ಗಂಟು ಬಹಳ ಕಡಿಮೆಯಿದ್ದರೆ ಯೂರಿಯಾ ಹೆಚ್ಚಾಯಿತೇ ಎಂದು ಮೊದಲು ಯೋಚಿಸಿ. ಯೂರಿಯಾ ಮಣ್ಣಿನಲ್ಲಿ ಮಾರ್ಪಟ್ಟು ಆಗುವ ನೈಟ್ರೇಟ್ ಸಲೀಸಾಗಿ ಸಿಕ್ಕರೆ ಗಿಡ ಗಂಟು ಕಟ್ಟುವ ಗೋಜಿಗೆ ಹೋಗುವುದಿಲ್ಲ.

ಮುಂದಿನ ಬಿತ್ತನೆಗೆ ಆಯಾ ಬೆಳೆಗೆಂದೇ ತಯಾರಿಸಿದ ರೈಜೋಬಿಯಂ ಪೊಟ್ಟಣವನ್ನು, ಅವಧಿ ಮೀರಿಲ್ಲದ್ದನ್ನು ನೋಡಿ ತನ್ನಿ. ಕಡಲೆಯ (ಕಡಲೆಕಾಯಿಯದಲ್ಲ, ಬೇಳೆಗೆ ಬಳಸುವ ಕಡಲೆಯ) ಬ್ಯಾಕ್ಟೀರಿಯಾ ಅಲಸಂದೆಗೆ ಒಗ್ಗದು. ಬೆಲ್ಲದ ನೀರನ್ನು ಕುದಿಸಿ, ಪೂರ್ತಿ ಆರಿಸಿ (ಬಿಸಿಯಿದ್ದರೆ ಬ್ಯಾಕ್ಟೀರಿಯಾ ಸಾಯುತ್ತದೆ), ಪೊಟ್ಟಣದ ಪುಡಿ ಕಲಸಿ, ಬೀಜಕ್ಕೆ ತೆಳುವಾಗಿ ಲೇಪಿಸಿ. ನೆರಳಿನಲ್ಲಿ ಅರ್ಧ ಗಂಟೆ ಆರಿಸಿ ಅಂದೇ ಬಿತ್ತಬೇಕು. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು, ರೈಜೋಬಿಯಂ ಕೊನೆಗೆ. ಹೋಲಿಕೆಗೆಂದು ಒಂದು ಸಾಲಿಗೆ ಲೇಪವಿಲ್ಲದ ಬೀಜ ಹಾಕುವುದಾದರೆ ಆ ಸಾಲನ್ನೇ ಮೊದಲು ಬಿತ್ತಿ ಮುಗಿಸಿ. ಲೇಪ ಮುಟ್ಟಿದ ಕೈಯಿಂದಲೇ ಬ್ಯಾಕ್ಟೀರಿಯಾ ಅಲ್ಲಿಗೂ ದಾಟುತ್ತದೆ.