ತರಗತಿ ಭಾಗವಹಿಸುವಿಕೆಯ ಅಂಕದಲ್ಲಿ ಅನ್ಯಾಯವಾದರೆ ಪ್ರಶ್ನಿಸುವುದು ಹೇಗೆ?

ಆಂತರಿಕ ಅಂಕಗಳಲ್ಲಿ ಕಿರುಪರೀಕ್ಷೆಗೆ ಬ್ಲೂಬುಕ್ ಎಂಬ ಉತ್ತರಪುಸ್ತಿಕೆ ಇರುತ್ತದೆ, ಅಸೈನ್‌ಮೆಂಟಿಗೆ ಹಾಳೆಗಳಿರುತ್ತವೆ, ಹಾಜರಾತಿಗೆ ವಹಿ ಇರುತ್ತದೆ; ‘ತರಗತಿಯಲ್ಲಿ ಭಾಗವಹಿಸುವಿಕೆ’ ಎಂದು ಕೊಡುವ ಐದೋ ಹತ್ತೋ ಅಂಕಕ್ಕೆ ಮಾತ್ರ ಬಹಳಷ್ಟು ಕಡೆ ಅಧ್ಯಾಪಕರ ನೆನಪೊಂದೇ ಆಧಾರ. ಹಲವು ವರ್ಷ ಈ ಅಂಕವನ್ನು ನಾನೇ ಕೊಟ್ಟಿದ್ದೇನೆ. ಅರವತ್ತು ಹೆಸರುಗಳ ಮುಂದೆ ಒಂದೇ ಸಂಜೆ ಅಂಕ ತುಂಬಲು ಕುಳಿತಾಗ ಮೊದಲ ಬೆಂಚಿನ ಮುಖಗಳು ಥಟ್ಟನೆ ಕಣ್ಣಿಗೆ ಬರುತ್ತವೆ, ಹಿಂದಿನ ಸಾಲಿನವು ಬರುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದು, ಇಂಗ್ಲಿಷಿನಲ್ಲಿ ಬಾಯಿ ತೆರೆಯಲು ಹಿಂಜರಿಯುವ ಮಕ್ಕಳು ಹೆಚ್ಚಾಗಿ ಆ ಹಿಂದಿನ ಸಾಲಿನಲ್ಲಿಯೇ ಇರುತ್ತಾರೆ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಅಂಕ ಸಣ್ಣದು, ಪರಿಣಾಮ ಸಣ್ಣದಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮಿನ ಪ್ರಕಾರ ಥಿಯರಿ ವಿಷಯವೊಂದಕ್ಕೆ ಆಂತರಿಕವಾಗಿ 50 ಅಂಕಗಳಿದ್ದು, ಅದರಲ್ಲಿ ಕನಿಷ್ಠ 20 ಪಡೆಯಲೇಬೇಕು. ಹದಿನೆಂಟಕ್ಕೆ ನಿಂತವರಿಗೆ ಎರಡು ಅಂಕದ ಬೆಲೆ ಗೊತ್ತು. ಸೆಮಿಸ್ಟರ್ ಪರೀಕ್ಷೆಯ ಉತ್ತರಪತ್ರಿಕೆಗೆ ಇರುವ ಮರುಮೌಲ್ಯಮಾಪನದ ಅರ್ಜಿ ಸಾಮಾನ್ಯವಾಗಿ ಆಂತರಿಕ ಅಂಕಕ್ಕೆ ಅನ್ವಯಿಸುವುದಿಲ್ಲವಾದ್ದರಿಂದ ಇದರ ದಾರಿಯೇ ಬೇರೆ.

ಮೊದಲ ಕೆಲಸವೆಂದರೆ ಪಠ್ಯಕ್ರಮದ ಪ್ರತಿಯನ್ನೂ ಸೆಮಿಸ್ಟರಿನ ಆರಂಭದಲ್ಲಿ ಅಧ್ಯಾಪಕರು ಕೊಟ್ಟ ಪಾಠಯೋಜನೆಯನ್ನೂ ತೆಗೆದು, ಭಾಗವಹಿಸುವಿಕೆಗೆ ಎಷ್ಟು ಅಂಕವೆಂದೂ ಅದನ್ನು ಯಾವುದರ ಮೇಲೆ ಅಳೆಯುತ್ತೇವೆಂದು ಹೇಳಿದ್ದರೆಂದೂ ಓದುವುದು. ಚರ್ಚೆಯಲ್ಲಿ ಮಾತನಾಡಿದ್ದಕ್ಕೆ ಮಾತ್ರ ಅಂಕವೆಂದು ಮೊದಲೇ ಬರೆದಿದ್ದು, ನೀವು ಸೆಮಿಸ್ಟರಿನುದ್ದಕ್ಕೂ ಮೌನವಾಗಿದ್ದರೆ, ಕಡಿಮೆ ಅಂಕ ಬಂದದ್ದು ನೋವಿನ ಸಂಗತಿಯೇ ಹೊರತು ಅನ್ಯಾಯವಲ್ಲ. ಅಂತಹ ದೂರು ನಿಲ್ಲುವುದಿಲ್ಲ. ಮಾನದಂಡವನ್ನು ಹೇಳದೆಯೇ ಅಂಕ ಕೊಟ್ಟಿದ್ದರೆ, ಹೇಳಿದ್ದಕ್ಕಿಂತ ಬೇರೆ ರೀತಿ ಕೊಟ್ಟಿದ್ದರೆ, ಅಥವಾ ಒಂದೇ ಬಗೆಯ ಕೆಲಸ ಮಾಡಿದ ಇಬ್ಬರಿಗೆ ಕಾರಣವಿಲ್ಲದೆ ಬಹಳ ವ್ಯತ್ಯಾಸದ ಅಂಕ ಬಂದಿದ್ದರೆ ನಿಮ್ಮ ಪ್ರಶ್ನೆಗೆ ಬಲವಿದೆ.

ಎರಡನೆಯದು ದಾಖಲೆ. ನೆನಪಿನ ಮೇಲೆ ಕೊಟ್ಟ ಅಂಕವನ್ನು ಇನ್ನೊಂದು ನೆನಪಿನಿಂದ ಅಲ್ಲಗಳೆಯಲಾಗದು, ಕಾಗದ ಬೇಕು. ಸೆಮಿನಾರ್ ಕೊಟ್ಟ ದಿನಾಂಕ, ಗುಂಪು ಚರ್ಚೆಯ ವಿಷಯ, ಪಾಠದ ಬಗ್ಗೆ ಅಧ್ಯಾಪಕರಿಗೆ ಕಳಿಸಿದ ಇ-ಮೇಲ್, ನೋಟ್ಸ್ ಪುಸ್ತಕದ ಅಂಚಿನಲ್ಲಿ ಅಂದೇ ಬರೆದುಕೊಂಡ ಪ್ರಶ್ನೆ, ಇವೆಲ್ಲ ಸಾಕ್ಷಿಯೇ. ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಅಂತಹ ನೋಟ್ಸ್ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು, ತಾನು ಉತ್ತರ ಹೇಳಿದ ಏಳು ದಿನಾಂಕಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿದಳು. ನಾನು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದ ವಹಿಯನ್ನು ತೆರೆದು ನೋಡಿದರೆ, 23ನೆಯ ಕ್ರಮಸಂಖ್ಯೆಯ ಅವಳ ಗುರುತುಗಳೆಲ್ಲ 24ರ ಸಾಲಿನಲ್ಲಿ ಬಿದ್ದಿದ್ದವು. ಅವಳು ಬರದಿದ್ದರೆ ನನಗೆ ಆ ತಪ್ಪು ಎಂದೂ ಗೊತ್ತಾಗುತ್ತಿರಲಿಲ್ಲ.

ಮೂರನೆಯದಾಗಿ, ಅಧ್ಯಾಪಕರನ್ನೇ ಕಾಣಬೇಕು, ಅದೂ ತಡಮಾಡದೆ. ಕಾಲೇಜು ಆಂತರಿಕ ಅಂಕಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಿ ಸಹಿ ಪಡೆಯುವ ಹಂತದಲ್ಲಿ ತಿದ್ದುವುದು ಸುಲಭ. ಅದು ವಿಶ್ವವಿದ್ಯಾಲಯದ ಪೋರ್ಟಲಿಗೆ ಏರಿ ಅಂತಿಮಗೊಂಡ ಮೇಲೆ ಪ್ರಾಂಶುಪಾಲರ ಪತ್ರದೊಂದಿಗೆ ಕುಲಸಚಿವರ (ಮೌಲ್ಯಮಾಪನ) ಕಚೇರಿಯ ತನಕ ಅಲೆಯಬೇಕಾಗುತ್ತದೆ. ಆದುದರಿಂದ ನೋಡದೆಯೇ ಸಹಿ ಹಾಕಬೇಡಿ. ತರಗತಿಯಲ್ಲಿ ಎಲ್ಲರೆದುರು ಕೇಳದೆ, ಬಿಡುವಿನ ವೇಳೆಯಲ್ಲಿ ಹೋಗಿ, “ಸರ್, ನನಗೆ ಹತ್ತಕ್ಕೆ ಮೂರು ಬಂದಿದೆ; ಯಾವ ಅಂಶಗಳನ್ನು ನೋಡಿ ಕೊಟ್ಟಿದ್ದೀರಿ ಎಂದು ದಯವಿಟ್ಟು ತಿಳಿಸುತ್ತೀರಾ?” ಎಂದು ಕೇಳಿ. ‘ಅಂಕ ಹಾಕಿ’ ಎಂದು ಬೇಡಿದರೆ ಅಧ್ಯಾಪಕರು ಇಲ್ಲವೆನ್ನಬಹುದು, ಆಧಾರ ಕೇಳಿದರೆ ವಹಿಯನ್ನು ತೆರೆಯಲೇಬೇಕಾಗುತ್ತದೆ. ಗೆಳೆಯರ ಅಂಕವನ್ನು ಇಲ್ಲಿ ಎಳೆದು ತರಬೇಡಿ. ಅವರ ಅಂಕ ಕಡಿಮೆಯಾಗಲಿ ಎಂಬುದು ನಿಮ್ಮ ಕೋರಿಕೆಯಲ್ಲ. ಮಾತುಕತೆ ಮುಗಿದ ದಿನವೇ ನಡೆದದ್ದನ್ನು ನಾಲ್ಕು ಸಾಲಿನಲ್ಲಿ ಇ-ಮೇಲ್ ಮಾಡಿ.

ಉತ್ತರ ಸಿಗದಿದ್ದರೆ ವಿಭಾಗದ ಮುಖ್ಯಸ್ಥರಿಗೆ, ಪ್ರತಿಯನ್ನು ಪ್ರಾಂಶುಪಾಲರಿಗೆ ಕಾಣಿಸಿ ಅರ್ಜಿ ಕೊಡಿ. ಒಂದು ಪುಟ ಮೀರದಿರಲಿ: ಹೆಸರು, ನೋಂದಣಿ ಸಂಖ್ಯೆ, ವಿಷಯ, ಬಂದ ಅಂಕ, ಪ್ರಕಟಿತ ಮಾನದಂಡ, ನಿಮ್ಮ ದಾಖಲೆ, ಕೋರಿಕೆ ಇಷ್ಟೇ ಸಾಕು. ಅಧ್ಯಾಪಕರ ಸ್ವಭಾವದ ವರ್ಣನೆ ಬೇಡವೇ ಬೇಡ. ಆ ಒಂದು ವಾಕ್ಯ ಇಡೀ ಅರ್ಜಿಯನ್ನು ಜಗಳವಾಗಿಸುತ್ತದೆ. ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಯ ಮೇಲೆ ಟಪಾಲು ವಿಭಾಗದ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಮೊಹರಿಲ್ಲದ ಅರ್ಜಿ ಕಚೇರಿಯ ಪಾಲಿಗೆ ಕೊಟ್ಟೇ ಇಲ್ಲದಂತೆ.

ಅಲ್ಲಿಯೂ ಪರಿಹಾರ ಸಿಗದಿದ್ದರೆ, ವಿಶ್ವವಿದ್ಯಾಲಯ ಅನುದಾನ ಆಯೋಗದ 2023ರ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ನಿಯಮಾವಳಿ ನೆರವಿಗೆ ಬರುತ್ತದೆ. ಮೌಲ್ಯಮಾಪನದಲ್ಲಿ ಪಾರದರ್ಶಕವಲ್ಲದ ಅಥವಾ ನ್ಯಾಯಸಮ್ಮತವಲ್ಲದ ಕ್ರಮಗಳನ್ನು ಅದು ನೇರವಾಗಿ ಕುಂದುಕೊರತೆ ಎಂದು ಗುರುತಿಸಿದೆ. ಸಂಸ್ಥೆಯ ಕುಂದುಕೊರತೆ ಸಮಿತಿಯಲ್ಲಿ ಪ್ರಾಧ್ಯಾಪಕರೊಬ್ಬರು ಅಧ್ಯಕ್ಷರಾಗಿದ್ದು, ವಿದ್ಯಾರ್ಥಿ ಪ್ರತಿನಿಧಿಯೊಬ್ಬರು ವಿಶೇಷ ಆಹ್ವಾನಿತರಾಗಿರುತ್ತಾರೆ. ದೂರು ಕೈಸೇರಿದ 15 ಕೆಲಸದ ದಿನಗಳೊಳಗೆ ಸಮಿತಿ ವರದಿ ಕೊಡಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ, ಅದು ತಲುಪಿದ 15 ದಿನಗಳೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ, ಅಂದರೆ ವಿದ್ಯಾರ್ಥಿಗಳ ಮೇಲ್ಮನವಿ ಕೇಳಲೆಂದೇ ನೇಮಕಗೊಂಡ ಅಧಿಕಾರಿಗೆ, ಮೇಲ್ಮನವಿ ಸಲ್ಲಿಸಬಹುದು. ನಿರ್ದಿಷ್ಟ ಲೋಪವನ್ನೋ ತಾರತಮ್ಯವನ್ನೋ ತೋರಿಸದೆ ಬರಿದೇ ಮರು ಎಣಿಕೆಗಾಗಿ ಅವರ ಬಳಿ ಹೋದರೆ ಫಲವಿಲ್ಲ.

ದಾಖಲೆಯನ್ನೇ ತೋರಿಸಲು ಒಪ್ಪದ ಸರ್ಕಾರಿ ಕಾಲೇಜು ಅಥವಾ ವಿಶ್ವವಿದ್ಯಾಲಯವಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ, 10 ರೂಪಾಯಿ ಶುಲ್ಕದೊಂದಿಗೆ, ನಿಮ್ಮ ಆಂತರಿಕ ಅಂಕಗಳ ವಿವರ ಹಾಗೂ ಮಾನದಂಡದ ಪ್ರತಿ ಕೇಳಬಹುದು. 30 ದಿನಗಳಲ್ಲಿ ಉತ್ತರ ಬರಬೇಕು. ಪರೀಕ್ಷಾರ್ಥಿಗೆ ತನ್ನ ಮೌಲ್ಯಮಾಪನಗೊಂಡ ಉತ್ತರಪತ್ರಿಕೆಯನ್ನು ನೋಡುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿರುವುದರಿಂದ ಬ್ಲೂಬುಕ್ಕನ್ನೂ ಧೈರ್ಯವಾಗಿ ಕೇಳಿ.

ಇನ್ನೊಂದು ಮಾತು ಇಲ್ಲಿ ಹೇಳಲೇಬೇಕು. ಲೈಂಗಿಕ ಕಿರುಕುಳವನ್ನು ವಿರೋಧಿಸಿದ ಕಾರಣಕ್ಕೆ ಅಂಕ ಕಡಿತವಾಗಿದ್ದರೆ ಮೇಲೆ ಹೇಳಿದ ಮೆಟ್ಟಿಲುಗಳನ್ನು ಹತ್ತುತ್ತ ಕೂರಬೇಡಿ, ಆ ಅಧ್ಯಾಪಕರನ್ನು ಒಬ್ಬರೇ ಹೋಗಿ ಕಾಣಲೂ ಬೇಡಿ. ಅದು ನೇರವಾಗಿ, ಲೈಂಗಿಕ ಕಿರುಕುಳದ ದೂರುಗಳಿಗೆಂದೇ ಇರುವ ಆಂತರಿಕ ದೂರು ಸಮಿತಿಗೆ, ಸಾಮಾನ್ಯವಾಗಿ ಘಟನೆ ನಡೆದ ಮೂರು ತಿಂಗಳೊಳಗೆ, ಹೋಗಬೇಕಾದ ವಿಷಯ.

ಅಂಕ ತಿದ್ದಲು ಕಾಲೇಜು ಒಪ್ಪಿತೆಂದರೆ ಕೆಲಸ ಮುಗಿಯಲಿಲ್ಲ. ತಿದ್ದುಪಡಿಯ ಪತ್ರ ವಿಶ್ವವಿದ್ಯಾಲಯಕ್ಕೆ ಹೋದ ದಿನಾಂಕವನ್ನೂ ಪತ್ರದ ಸಂಖ್ಯೆಯನ್ನೂ ಬರೆದುಕೊಂಡು, ವಾರಕ್ಕೊಮ್ಮೆ ಪೋರ್ಟಲಿನಲ್ಲಿ ನಿಮ್ಮ ಫಲಿತಾಂಶ ತೆರೆದು ನೋಡಿ. ಹಳೆಯ ಅಂಕಪಟ್ಟಿ ಈಗಾಗಲೇ ಕೈಗೆ ಬಂದಿದ್ದರೆ ಅದರ ಜೆರಾಕ್ಸ್ ಇಟ್ಟುಕೊಂಡ ಮೇಲೆಯೇ ಮೂಲಪ್ರತಿಯನ್ನು ಕಚೇರಿಗೆ ಒಪ್ಪಿಸಿ.